ಮೆಡಿಕಲ್ ಸ್ಕ್ರೈಬ್ ಕೆಲಸ: ಪ್ರಿ-ಮೆಡ್‌ಗೆ ಲಾಭವೆಷ್ಟು, ಕಾಟವೆಷ್ಟು

ಅಮೆರಿಕದಲ್ಲಿ ಡಾಕ್ಟರಾಗಬೇಕೆಂದರೆ ಮೊದಲು ಡಿಗ್ರಿ, ಜೊತೆಗೆ ಎಂಕ್ಯಾಟ್ ಎಂಬ ಪ್ರವೇಶ ಪರೀಕ್ಷೆ, ಆಮೇಲೆ ಮೆಡಿಕಲ್ ಸ್ಕೂಲ್. ಈ ತಯಾರಿಯಲ್ಲಿರುವ ವಿದ್ಯಾರ್ಥಿಗಳೇ ಪ್ರಿ-ಮೆಡ್‌ಗಳು. ಅಂಕವೊಂದೇ ಸಾಲದು, ರೋಗಿಗಳ ನಡುವೆ ಓಡಾಡಿದ ಅನುಭವವೂ ಬೇಕು. ಲೈಸೆನ್ಸ್ ಇಲ್ಲದವರನ್ನು ರೋಗಿಯ ಹತ್ತಿರ ಬಿಡುವವರು ಯಾರು? ಸ್ಕ್ರೈಬ್ ಕಂಪನಿಗಳ ವ್ಯಾಪಾರ ನಿಂತಿರುವುದೇ ಈ ಇಕ್ಕಟ್ಟಿನ ಮೇಲೆ. ಡಾಕ್ಟರ ಹಿಂದೆ ಲ್ಯಾಪ್‌ಟಾಪ್ ತಳ್ಳಿಕೊಂಡು ಹೋಗಿ ಚಾರ್ಟ್, ಅಂದರೆ ರೋಗಿಯ ದಾಖಲೆ, ಬರೆಯುವ ಕೆಲಸ ಅದು. ಎಮರ್ಜೆನ್ಸಿ ವಿಭಾಗದಲ್ಲಾದರೆ ಐದಕ್ಕೆ ನಾಲ್ಕು ಅಂಕ ಧಾರಾಳವಾಗಿ ಕೊಡಬಹುದು. ಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಮಾಡುವ ರಿಮೋಟ್ ಕೆಲಸಕ್ಕೆ ಎರಡೇ ಜಾಸ್ತಿ.

ಎಮರ್ಜೆನ್ಸಿಗೆ ನಾಲ್ಕು ಯಾಕೆ? ‘ಎದೆ ಹಿಂಡಿದ ಹಾಗಾಗುತ್ತೆ’ ಎಂದು ರೋಗಿ ಹೇಳಿದ್ದನ್ನು ಹಾಗೇ ಇಳಿಸಿಕೊಂಡರೆ ನೋಟ್ ಆಗುವುದಿಲ್ಲ. ಯಾವಾಗ ಶುರುವಾಯಿತು, ಮೆಟ್ಟಿಲು ಹತ್ತಿದರೆ ಜಾಸ್ತಿಯೇ, ಕೂತರೆ ಇಳಿಯುತ್ತದೆಯೇ, ತೋಳಿಗೋ ದವಡೆಗೋ ಹರಡುತ್ತದೆಯೇ, ಬೆವರು ಬಂತೇ ಎಲ್ಲವೂ ಬರಬೇಕು. ರೋಗಿ ‘ಇಲ್ಲ’ ಎಂದದ್ದನ್ನೂ ಇಲ್ಲವೆಂದೇ ದಾಖಲಿಸಬೇಕು. ಹೃದಯದ ಪೆಟ್ಟು ಪತ್ತೆಹಚ್ಚುವ ಟ್ರೊಪೋನಿನ್ ರಕ್ತಪರೀಕ್ಷೆ ಮೊದಲ ಸಲ ನಾರ್ಮಲ್ ಬಂದರೂ ಕೆಲ ಗಂಟೆ ಬಿಟ್ಟು ಮತ್ತೆ ರಕ್ತ ಕಳಿಸುತ್ತಾರೆ, ಏಕೆಂದರೆ ಹೃದಯದ ಸ್ನಾಯುವಿಗೆ ಆದ ಪೆಟ್ಟು ರಕ್ತದಲ್ಲಿ ಕಾಣಿಸಿಕೊಳ್ಳಲು ಸಮಯ ಹಿಡಿಯುತ್ತದೆ. 2023ರಿಂದ ಎಮರ್ಜೆನ್ಸಿಯ ವಿಸಿಟ್ ಬಿಲ್ ಯಾವ ಮಟ್ಟದ್ದೆಂದು ತೀರ್ಮಾನವಾಗುವುದು ಡಾಕ್ಟರು ಹೇಗೆ ಯೋಚಿಸಿದರು ಎಂದು ಬರೆಯುವ ಎಂಡಿಎಂ ಭಾಗದಿಂದ. ಹಾಗಾಗಿ ಯಾವ ಕಾಯಿಲೆಯನ್ನು ಯಾಕೆ ಕೈಬಿಟ್ಟೆ ಎಂಬುದನ್ನು ಡಾಕ್ಟರು ಬಾಯಿಬಿಟ್ಟು ಹೇಳಲೇಬೇಕಾಗುತ್ತದೆ. ಇದನ್ನು ಕಿವಿಯಾರೆ ಕೇಳುವ ಅವಕಾಶ ವಾಲಂಟಿಯರ್‌ಗೆ ಸಿಗದು.

ಇನ್ನು ಕಾಟದ ವಿಷಯ. ಸಂಬಳ ಕನಿಷ್ಠ ವೇತನದ ಆಸುಪಾಸು, ತರಬೇತಿ ದಿನಗಳಿಗೆ ಇನ್ನೂ ಕಡಿಮೆ ಕೊಡುವವರೂ ಇದ್ದಾರೆ. ಕನಿಷ್ಠ ಒಂದು ವರ್ಷ ಇರಬೇಕೆಂಬ ಒಪ್ಪಂದ ಸಾಮಾನ್ಯ. ಮಧ್ಯದಲ್ಲಿ ಬಿಟ್ಟರೆ ತರಬೇತಿ ಖರ್ಚು ವಸೂಲಿ ಮಾಡುವ ಷರತ್ತಿದೆಯೇ ಎಂದು ಸಹಿ ಹಾಕುವ ಮುಂಚೆ ಓದಿ. ರಾತ್ರಿ ಶಿಫ್ಟ್ ಹೊಸಬರ ಪಾಲಿಗೇ ಬರುತ್ತದೆ, ಮರುದಿನ ಬೆಳಗ್ಗೆ ಆರ್ಗ್ಯಾನಿಕ್ ಕೆಮಿಸ್ಟ್ರಿ ಲ್ಯಾಬ್ ಇದ್ದರೆ ದೇವರೇ ಗತಿ.

ಎಲ್ಲಕ್ಕಿಂತ ಅಪಾಯದ್ದು ರೆಡಿಮೇಡ್ ಟೆಂಪ್ಲೇಟು. ಒಂದು ಕೀ ಒತ್ತಿದರೆ ದೇಹ ಪರೀಕ್ಷೆಯ ಭಾಗ ಪೂರ್ತಿ ‘ನಾರ್ಮಲ್’ ಎಂದು ತುಂಬಿಕೊಳ್ಳುತ್ತದೆ. ಒಂದು ಕಾಲು ತೆಗೆದಿರುವ ರೋಗಿಯ ಚಾರ್ಟಿನಲ್ಲಿ ‘ಎರಡೂ ಪಾದಗಳಲ್ಲಿ ನಾಡಿ ಸರಿಯಾಗಿದೆ’ ಎಂದು ಬರುವುದು ಹೀಗೆಯೇ. ಖಾಲಿ ಟೆಂಪ್ಲೇಟಿನಿಂದ ಶುರುಮಾಡಿ, ಡಾಕ್ಟರು ನೋಡಿದ್ದನ್ನಷ್ಟೇ ಸೇರಿಸುವುದು ನಿಧಾನವಾದರೂ ಸುರಕ್ಷಿತ. ಸಹಿ ಡಾಕ್ಟರದ್ದಾದರೂ ಬೈಗುಳ ಸ್ಕ್ರೈಬ್‌ಗೇ. ಮಾತು ಕೇಳಿ ತಾನೇ ನೋಟ್ ಬರೆಯುವ ಡ್ಯಾಕ್ಸ್, ಅಬ್ರಿಜ್‌ನಂಥ ಎಐ ಸಾಫ್ಟ್‌ವೇರ್ ಬಂದಿರುವುದರಿಂದ ಕ್ಲಿನಿಕ್‌ಗಳಲ್ಲಿ ಈ ಕೆಲಸ ಎಷ್ಟು ದಿನ ಇರುತ್ತದೋ ಎಂಬ ಅನುಮಾನವೂ ಇದೆ.

ರೋಗಿಯನ್ನು ಮುಟ್ಟಿ ಆರೈಕೆ ಮಾಡುವುದೇ ಮುಖ್ಯವೆನ್ನುವವರಿಗೆ ಸಿಎನ್‌ಎ, ಅಂದರೆ ಸರ್ಟಿಫೈಡ್ ನರ್ಸಿಂಗ್ ಸಹಾಯಕರ ಕೆಲಸ, ವಾಸಿ. ಫೆಡರಲ್ ನಿಯಮದಂತೆ ಕನಿಷ್ಠ 75 ಗಂಟೆ ತರಬೇತಿ, ಅದರಲ್ಲಿ 16 ಗಂಟೆ ಪ್ರಾಯೋಗಿಕ. ಕ್ಯಾಲಿಫೋರ್ನಿಯಾದಲ್ಲಿ 160 ಗಂಟೆ. ಕೋರ್ಸ್ ಮುಗಿದ 12 ತಿಂಗಳೊಳಗೆ ನರ್ಸಿಂಗ್ ಹೋಮ್‌ನಲ್ಲಿ ಕೆಲಸಕ್ಕೆ ಸೇರಿದರೆ ಕೆಲಸ ಮಾಡಿದ ಅವಧಿಗೆ ತಕ್ಕಂತೆ ಫೀಸು ವಾಪಸ್ ಕೇಳಬಹುದು, ಇದು ಬಹಳ ಜನಕ್ಕೆ ಗೊತ್ತಿಲ್ಲ. ಬೆಡ್‌ಪ್ಯಾನ್, ಸ್ನಾನ, ಮಗ್ಗುಲು ಬದಲಿಸುವುದು ಇದೇ ದಿನಚರಿ, ಸೊಂಟ ಜೋಪಾನ. ವಾಲಂಟಿಯರ್ ಕೆಲಸದಲ್ಲಿ ಗ್ಲೌಸ್ ಡಬ್ಬಿ ತುಂಬುವುದು, ವೀಲ್‌ಚೇರ್ ತಳ್ಳುವುದಷ್ಟೇ ಹೆಚ್ಚು.

ಯಾವ ದಾರಿ ಹಿಡಿದರೂ ಮೊದಲ ತಡೆ ಟಿಬಿ ಪರೀಕ್ಷೆ. ಚರ್ಮದ ಪರೀಕ್ಷೆಯಾದರೆ ಚುಚ್ಚಿಸಿಕೊಂಡ 48ರಿಂದ 72 ಗಂಟೆಯೊಳಗೆ ಕ್ಲಿನಿಕ್‌ನಲ್ಲಿ ತೋರಿಸಿ ಫಲಿತಾಂಶ ಓದಿಸಬೇಕು, ಗುರುವಾರ ಚುಚ್ಚಿಸಿಕೊಂಡರೆ ವಾರಾಂತ್ಯದಲ್ಲಿ ಕ್ಲಿನಿಕ್ ಬಾಗಿಲು ಹಾಕಿರುತ್ತದೆ. ಎರಡು ಹಂತದ್ದಾದರೆ 1ರಿಂದ 3 ವಾರ ಬಿಟ್ಟು ಮತ್ತೊಮ್ಮೆ. ಭಾರತದಲ್ಲಿ ಹುಟ್ಟಿ ಬಿಸಿಜಿ ಎಂಬ ಟಿಬಿ ಲಸಿಕೆ ಹಾಕಿಸಿಕೊಂಡವರಿಗೆ ಇದು ಸುಳ್ಳು ಪಾಸಿಟಿವ್ ತೋರಿಸಬಹುದು. ಕ್ವಾಂಟಿಫೆರಾನ್ ರಕ್ತಪರೀಕ್ಷೆಯನ್ನು ಒಪ್ಪುತ್ತಾರೆಯೇ ಎಂದು ಮೊದಲೇ ಕೇಳಿ, ಒಂದೇ ಭೇಟಿಯಲ್ಲಿ ಮುಗಿಯುತ್ತದೆ.

ಮೆಡಿಕಲ್ ಸ್ಕೂಲ್‌ಗಳಿಗೆ ಅರ್ಜಿ ತುಂಬುವ ಆಮ್‌ಕ್ಯಾಸ್ ವ್ಯವಸ್ಥೆಯಲ್ಲಿ ಚಟುವಟಿಕೆಗೆ 15 ಜಾಗ, ಒಂದೊಂದಕ್ಕೆ ಸ್ಪೇಸ್ ಸೇರಿ 700 ಅಕ್ಷರ. ಮುಖ್ಯವೆಂದು ಆರಿಸಿದ 3ಕ್ಕೆ ಮಾತ್ರ ಇನ್ನೂ 1325. ಸ್ಕ್ರೈಬ್ ಗಂಟೆಗಳನ್ನೇ ಶಾಡೋಯಿಂಗ್ (ಡಾಕ್ಟರ ಜೊತೆಗಿದ್ದು ಅವರ ಕೆಲಸ ನೋಡುವುದು) ಎಂದು ಎರಡನೇ ಸಲ ತೋರಿಸಬೇಡಿ. ಪ್ರತಿ ಚಟುವಟಿಕೆಗೂ ಸಂಪರ್ಕದ ವ್ಯಕ್ತಿಯೊಬ್ಬರನ್ನು ಕೇಳುತ್ತಾರೆ. ಸ್ಕ್ರೈಬ್ ಮೇಲ್ವಿಚಾರಕರು ಹೆಚ್ಚಾಗಿ ಪ್ರಿ-ಮೆಡ್‌ಗಳೇ ಆದ್ದರಿಂದ ಬೇಗ ಬದಲಾಗುತ್ತಾರೆ. ಕೆಲಸ ಬಿಡುವ ವಾರವೇ ಸಂಪರ್ಕದ ವ್ಯಕ್ತಿಯಾಗಲು ಡಾಕ್ಟರೊಬ್ಬರ ಒಪ್ಪಿಗೆ, ಅವರ ಇಮೇಲ್, ಒಟ್ಟು ಗಂಟೆಗಳ ಪತ್ರ ಮೂರನ್ನೂ ತೆಗೆದಿಟ್ಟುಕೊಳ್ಳಿ.