ಹಳ್ಳದ ಕರೆಂಟಿಗೆ ಎರಡು ಕಂಟ್ರೋಲರ್: ಒಂಬತ್ತು ಮಳೆಗಾಲ ಬಳಸಿದ ಮೇಲೆ

ನಮ್ಮದು ಮಲೆನಾಡಿನ ಒಂಟಿ ಮನೆ. ಗುಡ್ಡದ ಹಳ್ಳದಿಂದ ಪೈಪಿನಲ್ಲಿ ನೀರು ತಂದು, ತೋಟದ ತಗ್ಗಿನಲ್ಲಿ ಸಣ್ಣ ಟರ್ಬೈನ್ ಕೂರಿಸಿದ್ದೇವೆ. 20 ಮೀಟರ್ ಎತ್ತರದಿಂದ ಸೆಕೆಂಡಿಗೆ 10 ಲೀಟರ್ ನೀರು. ಲೆಕ್ಕಕ್ಕೆ ಹತ್ತಿರ ಹತ್ತಿರ 2 ಕಿಲೋವಾಟ್. ಪೈಪು, ಟರ್ಬೈನು, ಕರೆಂಟು ಹುಟ್ಟಿಸುವ ಆಲ್ಟರ್ನೇಟರ್ ತಂತಮ್ಮ ಪಾಲು ತಿಂದ ಮೇಲೆ ಕೈಗೆ ಸಿಗುವುದು ಅರ್ಧ.

ನೋಡಲು ಬಂದವರೆಲ್ಲ ಟರ್ಬೈನ್ ವಿಚಾರಿಸುತ್ತಾರೆ. ಕರೆಂಟನ್ನು ಹದದಲ್ಲಿಡುವ ಕಂಟ್ರೋಲರ್, ಅಂದರೆ ಗೋಡೆಯ ಮೇಲಿನ ಡಬ್ಬಿಯನ್ನು ಯಾರೂ ಕೇಳುವುದಿಲ್ಲ. ನನ್ನ ನಿದ್ದೆ ಕೆಡಿಸಿದ್ದು ಮಾತ್ರ ಅದೇ.

ದೊಡ್ಡ ಪವರ್‌ಹೌಸಿನಲ್ಲಿ ಲೋಡ್, ಅಂದರೆ ಕರೆಂಟಿನ ಬಳಕೆ, ಇಳಿದರೆ ಗವರ್ನರ್ ನೀರನ್ನೇ ಕಮ್ಮಿ ಮಾಡುತ್ತದೆ. ನಮ್ಮಲ್ಲಿ ನೀರು ಒಂದೇ ಸಮ ಬರುತ್ತಿರುತ್ತದೆ. ಲೈಟ್ ಆರಿಸಿದರೆ ಟರ್ಬೈನಿಗೆ ಭಾರ ತಪ್ಪಿ ಓಟ ಕೀಳುತ್ತದೆ. ನಮ್ಮದು ಮ್ಯಾಗ್ನೆಟ್ ಆಲ್ಟರ್ನೇಟರ್. ನಿಮಿಷಕ್ಕೆ 1500 ಸುತ್ತಿಗೆ 50 ಹರ್ಟ್ಸ್, 230 ವೋಲ್ಟ್. ಸುತ್ತು ಏರಿದರೆ ವೋಲ್ಟೇಜೂ ಜೊತೆಗೇ ಏರುತ್ತದೆ. ಹಾಗಾಗಿ ಮನೆ ಬಳಸದೆ ಬಿಟ್ಟ ಕರೆಂಟನ್ನು ಡಬ್ಬಿ ತಕ್ಷಣ ಹೀಟರಿಗೆ ತಿರುಗಿಸಬೇಕು. ಹೀಟರ್ ಇಟ್ಟಿದ್ದು ಬಚ್ಚಲ ಹಂಡೆಯಲ್ಲಿ. ಮಳೆಗಾಲದಲ್ಲಿ ಒಲೆಗೆ ಸೌದೆ ಹುಡುಕುವುದು ತಪ್ಪಿತು, ಮನೆಯವರಿಗೆ ಅದೇ ದೊಡ್ಡ ಖುಷಿ.

ಮೊದಲ ನಾಲ್ಕು ವರ್ಷ ಇದ್ದದ್ದು ರಿಲೇ ಡಬ್ಬಿ. ರಿಲೇ ಅಂದರೆ ಕರೆಂಟಿನಿಂದಲೇ ಹಾಕಿ ತೆಗೆಯುವ ಸ್ವಿಚ್ಚು. 125, 250, 500 ವಾಟಿನ ಮೂರು ಹೀಟರ್ ಕಾಯಿಲ್, ಮೂರು ರಿಲೇ. ಸೇರಿಸಿ ಬಿಡಿಸಿದರೆ ಸೊನ್ನೆಯಿಂದ 875ರವರೆಗೆ ಎಂಟು ಮೆಟ್ಟಿಲು. ಮಿಕ್ಸಿ ನಿಲ್ಲಿಸಿದರೆ ಟಕ್, ಟಕ್ ಎಂದು ಮೆಟ್ಟಿಲು ಹತ್ತುತ್ತಿತ್ತು. ಅಷ್ಟರೊಳಗೆ ಮೀಟರ್ 245 ಮುಟ್ಟಿ ಬಂದಿರುತ್ತಿತ್ತು. ಲೋಡ್ ಎರಡು ಮೆಟ್ಟಿಲ ನಡುವೆ ನಿಂತರೆ ಇನ್ನೂ ಕಷ್ಟ. ರಿಲೇ ಹಾಕು, ತೆಗೆ, ಹಾಕು, ತೆಗೆ. ಬಲ್ಬು ಕಣ್ಣು ಮಿಟುಕಿಸಿದ ಹಾಗೆ. ಒಳಗಿನ ಪ್ರಿಸೆಟ್ (ಹೊಂದಿಸುವ ಸಣ್ಣ ತಿರುಪು) ತಿರುಗಿಸಿ, ಹಾಕುವ ವೋಲ್ಟೇಜಿಗೂ ತೆಗೆಯುವ ವೋಲ್ಟೇಜಿಗೂ ಅಂತರ ಜಾಸ್ತಿ ಮಾಡಿದ ಮೇಲೆ ಸುಮಾರಾಗಿ ನಿಂತಿತು. ಪ್ರತಿ ಮೇ ತಿಂಗಳು ಕರಕಲಾದ ಕಾಂಟ್ಯಾಕ್ಟ್‌ಗಳನ್ನು ಉಪ್ಪು ಕಾಗದದಲ್ಲಿ ತಿಕ್ಕುವುದು ನನ್ನ ಪಾಲಿನ ಹಬ್ಬ. ಆದರೂ ಒಂದು ಮಾತು: ಅದರಲ್ಲಿ ಏನು ಕೆಟ್ಟರೂ ನಾನೇ ಸರಿ ಮಾಡುತ್ತಿದ್ದೆ.

ಆಮೇಲೆ ತಂದದ್ದು ಅನಲಾಗ್ ಡಬ್ಬಿ. ಮೆಟ್ಟಿಲೇ ಇಲ್ಲ. ಆಪ್-ಆಂಪ್ ಎಂಬ ಚಿಪ್ಪು ವೋಲ್ಟೇಜನ್ನು ಅಳೆದು, ಟ್ರಯಾಕ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್ಚಿನ ಮೂಲಕ ಒಂದೇ ದೊಡ್ಡ ಕಾಯಿಲಿಗೆ ಎಷ್ಟು ಬೇಕೋ ಅಷ್ಟೇ ಕೊಡುತ್ತದೆ. ಮೀಟರ್ 228ರಿಂದ 232ರೊಳಗೆ. ಮನೆಯಲ್ಲಿ ಸದ್ದಿಲ್ಲ. ಸದ್ದಿಲ್ಲ ಅಂದದ್ದು ಪೂರ್ತಿ ನಿಜವಲ್ಲ. ಟ್ರಯಾಕ್ ಕರೆಂಟಿನ ಅಲೆಯನ್ನು ಕತ್ತರಿಸುವುದರಿಂದ ಫ್ಯಾನು ಗುಂಯ್ ಅನ್ನುತ್ತದೆ. ರೇಡಿಯೋದಲ್ಲಿ ಭದ್ರಾವತಿ ಹಾಕಿದರೆ ವಾರ್ತೆಗಿಂತ ಗೊರಗೊರವೇ ಜಾಸ್ತಿ. ಸಿಡಿಲಿಗೆ ಎರಡು ಸಲ ಟ್ರಯಾಕ್ ಹೋಯಿತು. ಎರಡೂ ಸಲ ಶಾರ್ಟ್ ಆಗಿದ್ದರಿಂದ ಕರೆಂಟೆಲ್ಲ ಹಂಡೆಗೆ ಹೋಗಿ ಬಲ್ಬು ಮಂಕಾಯಿತು, ಅಷ್ಟೇ.

ನಿಜವಾದ ಪೆಟ್ಟು ಬಿದ್ದದ್ದು ದೀಪಾವಳಿಯಲ್ಲಿ. ನೀರು ತುಂಬೋ ಹಬ್ಬಕ್ಕೆ ತುಂಬಿದ ಹಂಡೆಯನ್ನು ಮಾರನೇ ದಿನ ನೆಂಟರೆಲ್ಲ ಎಣ್ಣೆ ಸ್ನಾನ ಮಾಡಿ ಬರಿದು ಮಾಡಿದರು. ಒಣ ಹಂಡೆಯಲ್ಲಿ ಕಾಯಿಲ್ ಸುಟ್ಟಿತು. ರಾತ್ರಿ ಲೈಟುಗಳು ಆರುತ್ತಾ ಬಂದ ಹಾಗೆ ಮೀಟರ್ 300 ದಾಟಿತು. ಡಬ್ಬಿ ಪಾಪ ಸರಿಯಾಗೇ ಇತ್ತು, ಕರೆಂಟು ತಿನ್ನಲು ಬಾಯಿರಲಿಲ್ಲ. ನಾಲ್ಕು ಬಲ್ಬು ಮತ್ತು ಟಿವಿ ಹೋದವು. ನಾನು ಟಾರ್ಚ್ ಹಿಡಿದು ಉಂಬಳದ ನಡುವೆ ತೋಟಕ್ಕೆ ಓಡಿ ವಾಲ್ವ್ ಮುಚ್ಚಿದೆ. ಮಾರಿದವರು ಈ ಬಗ್ಗೆ ಒಂದು ಮಾತೂ ಹೇಳಿರಲಿಲ್ಲ.

ಈಗ ಹಂಡೆಯ ಕಾಯಿಲ್ ಜೊತೆಗೆ ಹೊರಗೆ ಹರಿಯುವ ನೀರಿನ ತೊಟ್ಟಿಯಲ್ಲಿ ಇನ್ನೊಂದಿದೆ. 260 ವೋಲ್ಟ್ ದಾಟಿದರೆ ಹಳೆ ಡಬ್ಬಿಯಿಂದ ಬಿಚ್ಚಿದ ಒಂದು ರಿಲೇ ಮನೆಯ ಲೈನ್ ಕತ್ತರಿಸಿ ಆ ಕಾಯಿಲ್ ಹಾಕುತ್ತದೆ. ಕೊಳ್ಳುವವರು ಅನಲಾಗನ್ನೇ ಕೊಳ್ಳಿ, ಈ ರಿಲೇ ಹಾಕಿಸದೆ ಮಾತ್ರ ಬೇಡ. ಉಳಿದ ಎರಡು ರಿಲೇ ಅಟ್ಟದ ಮೇಲಿವೆ. ಪಕ್ಕದ ಮನೆಯವರು ಕೇಳಿದರು, ನಾನು ಕೊಡಲಿಲ್ಲ.