ಕೆಟ್ಟು ನಿಂತ ಕಾರು: ಹಗ್ಗವೋ, ಕ್ರೇನೋ, ಫ್ಲಾಟ್‌ಬೆಡ್ಡೋ?

ಕೆಟ್ಟ ಕಾರನ್ನು ಗ್ಯಾರೇಜಿಗೆ ಸಾಗಿಸುವ ಈ ಮೂರೂ ದಾರಿ ನೋಡಿಯಾಯಿತು: ಹಗ್ಗ ಕಟ್ಟಿ ಎಳೆಯುವುದು, ಎರಡು ಚಕ್ರ ಎತ್ತಿ ಒಯ್ಯುವುದು, ಫ್ಲಾಟ್‌ಬೆಡ್ ಅಂದರೆ ಚಪ್ಪಟೆ ಲಾರಿಯ ಮೇಲೆ ಇಡೀ ಕಾರನ್ನೇ ಹೇರುವುದು. ಹೆಚ್ಚು ಹೆದರಿದ್ದು ಹಗ್ಗಕ್ಕೆ.

ಹೆಜಮಾಡಿ ಹತ್ತಿರ ನಮ್ಮ ಹಳೇ ಮ್ಯಾನುವಲ್ ಕಾರು ನಿಂತಿತು. ಭಾವ ಪಿಕಪ್ ತಂದರು. ಬಂಪರಿನ ಸಣ್ಣ ಮುಚ್ಚಳ ತೆಗೆದು, ಡಿಕ್ಕಿಯಲ್ಲಿದ್ದ ಕೊಕ್ಕೆ ತಿರುಗಿಸಿ ಕೂರಿಸಿ, ನೈಲಾನ್ ಹಗ್ಗ ಕಟ್ಟಿದೆವು. ಮೂಲ್ಕಿವರೆಗೆ ತಾನೆ, ಏನಾಗುತ್ತದೆ ಅಂದುಕೊಂಡೆವು. ಎಂಜಿನ್ ಓಡದಿದ್ದರೆ ಬ್ರೇಕಿಗೆ ಬಲ ಕೊಡುವ ವ್ಯಾಕ್ಯೂಮ್ ಹುಟ್ಟುವುದಿಲ್ಲ. ಉಳಿದಿದ್ದು ಎರಡು ಮೂರು ಸಲ ತುಳಿದರೆ ಖಾಲಿ. ಶಾಂಭವಿ ಸೇತುವೆಯ ಮೇಲೆ ಮುಂದಿನ ಬಸ್ಸು ನಿಧಾನವಾಯಿತು, ಭಾವ ಬ್ರೇಕ್ ಹಾಕಿದರು. ನನ್ನ ಪೆಡಲ್ ಕಲ್ಲಿನ ಹಾಗಿತ್ತು. ಎರಡೂ ಕಾಲಲ್ಲಿ ಒತ್ತಿ ನಿಲ್ಲಿಸಿದಾಗ ಪಿಕಪ್ಪಿಗೂ ನನಗೂ ಒಂದು ಮೊಳ ಜಾಗ. ಸಡಿಲಾದ ಹಗ್ಗ ನನ್ನ ಚಕ್ರದಡಿಗೆ ಹೋಗಿತ್ತು. ಇಳಿದು ಅದನ್ನು ಬಿಡಿಸುವಾಗ ಕೈ ನಡುಗುತ್ತಿತ್ತು. ಎರಡು ಗಾಡಿಗಳ ನಡುವೆ 5 ಮೀಟರಿಗಿಂತ ಹೆಚ್ಚು ಅಂತರ ಇರಬಾರದು ಅಂತ ನಿಯಮ. ಬ್ರೇಕ್ ಸರಿ ಇಲ್ಲದವನಿಗೆ ಆ 5 ಮೀಟರ್ ಏನೇನೂ ಸಾಲದು.

ಅಮೆರಿಕದಲ್ಲಿ ಮೋಟರ್‌ಹೋಮ್ (ಮನೆಯಂತೆ ವಾಸಿಸಬಹುದಾದ ದೊಡ್ಡ ಗಾಡಿ) ಹಿಂದೆ ಕಾರನ್ನು ನಾಲ್ಕೂ ಚಕ್ರ ನೆಲದ ಮೇಲಿಟ್ಟೇ ಎಳೆಯುತ್ತಾರಲ್ಲ ಅಂತ ಕೆಲವರು ಕೇಳುತ್ತಾರೆ. ಅಲ್ಲಿ ಹಗ್ಗವಲ್ಲ, ಗಟ್ಟಿ ಲೋಹದ ಬಾರ್. ಹಿಂದಿನ ಕಾರಿನ ಬ್ರೇಕ್ ಒತ್ತಲು ಬೇರೆ ಸಾಧನ, ಕೊಂಡಿ ಕಳಚಿದರೆ ತಾನಾಗಿ ಬ್ರೇಕ್ ಹಿಡಿಯುವ ಸ್ವಿಚ್, ಜೊತೆಗೆ ಸೇಫ್ಟಿ ಚೈನ್. ಅಷ್ಟಿದ್ದರೂ ಎಲ್ಲ ಕಾರುಗಳನ್ನೂ ಹಾಗೆ ಎಳೆಯುವಂತಿಲ್ಲ.

ಎರಡನೆಯದು, ಎರಡು ಚಕ್ರ ಎತ್ತುವ ಕ್ರೇನ್. ಕುಂಜಿಬೆಟ್ಟಿನ ಓಣಿಯಲ್ಲಿ ನಮ್ಮ ಆಟೋಮ್ಯಾಟಿಕ್ ಕಾರು ಗೋಡೆಗೆ ಮುಖ ಮಾಡಿ ನಿಂತಿತ್ತು. ಬಂದ ಹುಡುಗ ಸೀದಾ ಹಿಂದಿನಿಂದ ಎತ್ತಲು ಹೊರಟ. "ಅಣ್ಣಾ, ಬೇಡ! ಎಂಜಿನ್ ಎಳೆಯುವುದು ಮುಂದಿನ ಚಕ್ರ" ಅಂತ ತಡೆದೆ. ಎಂಜಿನ್ ಬಂದಾದರೆ ಆಟೋಮ್ಯಾಟಿಕ್ ಗೇರ್‌ಬಾಕ್ಸಿನೊಳಗೆ ಆಯಿಲ್ ಪಂಪ್ ಓಡುವುದಿಲ್ಲ. ಮುಂದಿನ ಚಕ್ರ ಉರುಳುತ್ತಾ ಹೋದರೆ ಒಳಗೆಲ್ಲ ಒಣಗಿ ಸುಟ್ಟುಹೋಗುತ್ತದೆ. ನ್ಯೂಟ್ರಲ್ ಮಾಡಿ, ನಾಲ್ಕು ಜನ ತಳ್ಳಿ ತಿರುಗಿಸಿದೆವು. ಆಮೇಲೆ ಮುಂದಿನಿಂದ ಎತ್ತಿ, ಹ್ಯಾಂಡ್‌ಬ್ರೇಕ್ ಬಿಟ್ಟು, ನಿಧಾನಕ್ಕೆ ಕೊಂಡುಹೋದರು. ಹಂಪ್ ಬಂದಾಗಲೆಲ್ಲ ಹಿಂದಿನ ಬಂಪರ್ ಕೆರೆಯುತ್ತಿತ್ತು. ಹತ್ತಿರದ ಗ್ಯಾರೇಜಿಗೆ, ಅದೂ ಫ್ರಂಟ್ ವೀಲ್ ಡ್ರೈವ್ ಕಾರಿಗೆ, ಇದು ಪರವಾಗಿಲ್ಲ. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಕಾರಿಗೆ ಬೇಡವೇ ಬೇಡ.

ಮೂರನೆಯದು ತಂಗಿಯ ಎಲೆಕ್ಟ್ರಿಕ್ ಕಾರು, ಪಡುಬಿದ್ರಿಯಲ್ಲಿ, ಜಡಿಮಳೆಯ ರಾತ್ರಿ. ಚಕ್ರ ತಿರುಗಿದರೆ ಮೋಟರೂ ತಿರುಗಿ ಕರೆಂಟ್ ಹುಟ್ಟಿಸುತ್ತದೆ, ಅದರಿಂದ ಒಳಗಿನ ಭಾಗಗಳು ಕೆಡಬಹುದು. ಹಾಗಾಗಿ ಫ್ಲಾಟ್‌ಬೆಡ್ ಬಿಟ್ಟು ಬೇರೆ ದಾರಿ ಇರಲಿಲ್ಲ. ಎರಡು ಗಂಟೆ ಕಾದೆವು, ಮಂಗಳೂರಿಗೆ ನಾಲ್ಕು ಸಾವಿರ ಚಿಲ್ಲರೆ ಕೊಟ್ಟೆವು. ವಿಂಚ್‌ನಿಂದ (ತಂತಿ ಹಗ್ಗ ಸುತ್ತಿ ಎಳೆಯುವ ಯಂತ್ರ) ಮೇಲೆಳೆದು, ನಾಲ್ಕೂ ಚಕ್ರಕ್ಕೆ ಬೆಲ್ಟ್ ಬಿಗಿದ ಮೇಲೆ ನಾವು ಲಾರಿಯ ಕ್ಯಾಬಿನ್‌ನಲ್ಲಿ ನೆಮ್ಮದಿಯಾಗಿ ಕೂತಿದ್ದೆವು. ನನ್ನ ಮಟ್ಟಿಗೆ ಆ ಹಣ ದುಬಾರಿಯಲ್ಲ.

ರಾಷ್ಟ್ರೀಯ ಹೆದ್ದಾರಿಯಲ್ಲಿ ಗಾಡಿ ನಿಂತರೆ ಮೊದಲು ಹೆದ್ದಾರಿ ಸಹಾಯವಾಣಿ 1033ಕ್ಕೆ ಫೋನ್ ಮಾಡಿ. ಆ ನೈಲಾನ್ ಹಗ್ಗ ಈಗಲೂ ನಮ್ಮ ಡಿಕ್ಕಿಯಲ್ಲಿದೆ, ಗಾಡಿಯನ್ನು ರಸ್ತೆ ಮಧ್ಯದಿಂದ ಬದಿಗೆ ತರಲಿಕ್ಕೆ ಮಾತ್ರ.