ಒಂದೇ ಉಕ್ಕಿನ ಮಾಡೆಲ್, ಮೂರು ಫೈಲ್: ಆಚೆ ಕಡೆ ಏನು ಉಳಿಯಿತು?

ಪೀಣ್ಯದ ಒಂದು ಶೆಡ್‌ಗೆ ನಾನು ಡೀಟೇಲಿಂಗ್, ಅಂದರೆ ಕಾರ್ಖಾನೆಗೆ ಬೇಕಾದ ಪ್ರತಿ ಉಕ್ಕಿನ ತುಂಡಿನ ಮಾಡೆಲ್, ಡ್ರಾಯಿಂಗ್ ಮಾಡಿಕೊಟ್ಟಿದ್ದೆ. ಸೈಟಿನಲ್ಲಿ ಉಕ್ಕು ಎತ್ತಿ ನಿಲ್ಲಿಸುವ ಎರೆಕ್ಷನ್ ಕೆಲಸ ಶುರುವಾದ ಎರಡನೇ ದಿನ ಸೈಟಿನಿಂದ ಫೋನ್ ಬಂತು. 14 ಚಾನೆಲ್‌ಗಳ (ಇಂಗ್ಲಿಷ್ ಸಿ ಆಕಾರದ ಉಕ್ಕಿನ ತುಂಡು) ಬಾಯಿ, ಅಂದರೆ ತೆರೆದ ಕಡೆ, ಉಲ್ಟಾ ಇದೆ, ಪೈಪಿನವರು ಮಾಡಿ ತಂದ ಬ್ರಾಕೆಟ್ ಒಂದೂ ಕೂರುತ್ತಿಲ್ಲ ಅಂದರು. ಕ್ರೇನ್ ಬಾಡಿಗೆ ಗಂಟೆ ಲೆಕ್ಕದಲ್ಲಿ ಓಡುತ್ತಿತ್ತು. ಎಲ್ಲ ಸರಿಮಾಡುವಷ್ಟರಲ್ಲಿ 3 ದಿನ ಹೋಯಿತು.

ಡಿಸೈನ್ ಮಾಡಿದವರ ಮಾಡೆಲ್ ತೆರೆದು ನೋಡಿದೆ. ಅಲ್ಲಿ ಬಾಯಿ ಸರಿಯಾದ ಕಡೆಗೇ ಇತ್ತು. ಅವರ ಡ್ರಾಯಿಂಗ್‌ನಲ್ಲಿ ಮಾತ್ರ ಚಾನೆಲ್ ಅಂದರೆ ಬರೀ ಒಂದು ಗೆರೆ. ಹಾಗಾಗಿ ಫೈಲ್ ಹೇಳಿದ್ದನ್ನೇ ನಾನು ನಂಬಿದೆ. ಆ ಫೈಲ್ ಒಂದು ಸಾಫ್ಟ್‌ವೇರ್‌ನಿಂದ ಇನ್ನೊಂದಕ್ಕೆ ದಾಟುವಾಗ ಚಾನೆಲ್ ತಿರುಗಿಬಿಟ್ಟಿತ್ತು.

ಅದಾದ ಮೇಲೆ ಒಂದು ವಾರ ಸಂಜೆ ಹೊತ್ತು ಕೂತು ಪರೀಕ್ಷೆ ಮಾಡಿದೆ. ಪುಟ್ಟ ಮಾಡೆಲ್. 4 ಕಾಲಮ್. ಐಎಸ್‌ಎಂಬಿ 300ರ (ನಮ್ಮ ದೇಶದ ಐ ಆಕಾರದ ಸೆಕ್ಷನ್) ಮುಖ್ಯ ಬೀಮ್, ಅದಕ್ಕೆ ಉದ್ದಕ್ಕೂ ಎರಡು ಜಾಗದಲ್ಲಿ ಬಂದು ಸೇರುವ ಸಣ್ಣ ಬೀಮ್. ಐಎಸ್‌ಎಂಸಿ 200 ಚಾನೆಲ್ ಎರಡು, ಒಂದರ ಬಾಯಿ ಒಳಗೆ, ಇನ್ನೊಂದರದು ಹೊರಗೆ. 75-75-6 ಆಂಗಲ್‌ನ ಬ್ರೇಸಿಂಗ್ (ಓರೆ ಆಧಾರ). ಒಂದು ಬಾಗಿದ ಬೀಮ್. ಜೊತೆಗೆ ಅಮೆರಿಕದ ಐ ಆಕಾರದ ಬೀಮ್ ಡಬ್ಲ್ಯೂ 18-35 ಒಂದು. ಬೆಂಗಳೂರಿನ ಡೀಟೇಲಿಂಗ್ ಕಚೇರಿಗಳಲ್ಲಿ ಅಮೆರಿಕದ ಕೆಲಸ ಬರುತ್ತಲೇ ಇರುತ್ತದೆ, ಹಾಗಾಗಿ ಅದೂ ಇರಲಿ ಅಂತ ಹಾಕಿದೆ. ಇದನ್ನು ಬಲಗಳ ಲೆಕ್ಕ ಹಾಕುವ ಅನಾಲಿಸಿಸ್ ಸಾಫ್ಟ್‌ವೇರ್‌ನಿಂದ ಡೀಟೇಲಿಂಗ್ ಸಾಫ್ಟ್‌ವೇರ್‌ಗೆ ಮೂರು ಬಗೆಯ ಫೈಲ್‌ನಲ್ಲಿ ಕಳಿಸಿದೆ: ಎಸ್‌ಡಿಎನ್‌ಎಫ್, ಸಿಐಎಸ್/2, ಐಎಫ್‌ಸಿ. ತೆರೆಯ ಮೇಲೆ ಉಕ್ಕು ಕಂಡರೆ ಸಾಕು ಅಂತ ನೋಡಲಿಲ್ಲ. ಆಚೆ ಕಡೆ ಅದು ಬೀಮ್ ಆಗಿ ಉಳಿದಿದೆಯಾ, ಬರೀ ಆಕಾರವಾಗಿದೆಯಾ ಅಂತ ನೋಡಿದೆ.

ಎಸ್‌ಡಿಎನ್‌ಎಫ್ ಹಳೆಯದು, ಸರಳವಾದದ್ದು. ಪೂರ್ತಿ ಹೆಸರು ಸ್ಟೀಲ್ ಡೀಟೇಲಿಂಗ್ ನ್ಯೂಟ್ರಲ್ ಫೈಲ್. ನೋಟ್‌ಪ್ಯಾಡ್‌ನಲ್ಲಿ ತೆರೆದು ಓದಬಹುದು. ಪ್ಯಾಕೆಟ್ 10ರಲ್ಲಿ ಬೀಮ್, ಕಾಲಮ್‌ಗಳು, ಪ್ಯಾಕೆಟ್ 20ರಲ್ಲಿ ಪ್ಲೇಟ್‌ಗಳು. ಪ್ರತಿ ಬೀಮ್‌ಗೆ ಶುರುವಿನ ಬಿಂದು, ಕೊನೆಯ ಬಿಂದು, ಸೆಕ್ಷನ್ ಹೆಸರು, ಗ್ರೇಡ್, ತಿರುವಿನ ಕೋನ. ನನ್ನ 14 ಚಾನೆಲ್‌ಗಳ ಗುಟ್ಟು ಸಿಕ್ಕಿದ್ದು ಇಲ್ಲೇ. ಕೋನ ಅನ್ನುವುದು ಬರೀ ಒಂದು ಅಂಕಿ. ಐ ಆಕಾರದ ಬೀಮ್ 0 ಆದರೂ 180 ಆದರೂ ಒಂದೇ ಥರ ಕಾಣುತ್ತದೆ. ಚಾನೆಲ್ ಹಾಗಲ್ಲ. ಒಂದು ಸಾಫ್ಟ್‌ವೇರ್ ಯಾವ ಕಡೆಯನ್ನು 0 ಅಂದುಕೊಂಡಿದೆಯೋ ಇನ್ನೊಂದು ಅದರ ಎದುರು ಕಡೆಯನ್ನು 0 ಅಂದುಕೊಂಡರೆ ಬಾಯಿ ತಿರುಗಿಯೇ ತಿರುಗುತ್ತದೆ. ಪರೀಕ್ಷೆಯಲ್ಲೂ ಎರಡೂ ಚಾನೆಲ್ ತಿರುಗಿದವು.

ಎರಡನೇ ತೊಂದರೆ ಹೆಸರಿನದು. ನಾವೆಲ್ಲ ಐಎಸ್‌ಎಂಬಿ 300 ಅನ್ನುತ್ತೇವೆ. ಉಕ್ಕಿನ ಸೆಕ್ಷನ್‌ಗಳ ಭಾರತೀಯ ಮಾನಕ ಐಎಸ್ 808 ಪುಸ್ತಕದಲ್ಲಿ ಅದೇ ಬೀಮ್ ಎಂಬಿ 300. ಒಂದು ಕಡೆ ನಡುವೆ ಜಾಗ ಬಿಟ್ಟು ಬರೆಯುತ್ತಾರೆ, ಇನ್ನೊಂದು ಕಡೆ ಬಿಡುವುದಿಲ್ಲ. ಕಂಪ್ಯೂಟರ್‌ಗೆ ಇವು ಬೇರೆ ಬೇರೆ ಬೀಮ್. ಡಬ್ಲ್ಯೂ 18-35 ಮೆಟ್ರಿಕ್‌ನಲ್ಲಿ ಡಬ್ಲ್ಯೂ 460-52 ಆಗುತ್ತದೆ, ನನ್ನ ಫೈಲ್‌ನಲ್ಲಿ ಹಾಗೇ ಬಂತು. ಈ ಹೆಸರು ಅಂದರೆ ಆ ಹೆಸರು ಅಂತ ಹೇಳುವ ಮ್ಯಾಪಿಂಗ್ ಪಟ್ಟಿ ಕೂತು ಬರೆಯದೆ ಗತಿ ಇಲ್ಲ. ಬಾಗಿದ ಬೀಮ್ ಬರಲೇ ಇಲ್ಲ. ಮುಖ್ಯ ಬೀಮ್ ಮೂರು ತುಂಡಾಗಿ ಬಂತು, ಯಾಕೆಂದರೆ ಅನಾಲಿಸಿಸ್‌ನಲ್ಲಿ ಸಣ್ಣ ಬೀಮ್ ಸೇರುವ ಕಡೆಯೆಲ್ಲ ಒಂದೊಂದು ನೋಡ್ (ಲೆಕ್ಕದ ಬಿಂದು) ಇರುತ್ತದೆ, ಬೀಮ್ ಅಲ್ಲಿ ತುಂಡಾಗುತ್ತದೆ. ಆದರೂ ಈ ಫೈಲ್ ನನಗೆ ಇಷ್ಟ. ತಪ್ಪು ಎಲ್ಲಿದೆ ಅಂತ ಕಣ್ಣಲ್ಲೇ ಕಾಣುತ್ತದೆ, ಕೈಯಲ್ಲೇ ತಿದ್ದಬಹುದು.

ಸಿಐಎಸ್/2 ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಯುರೋಪಿನ ಯುರೇಕಾ ಯೋಜನೆಯಡಿ 1987ರಲ್ಲಿ ಸಿಮ್‌ಸ್ಟೀಲ್ ಅಂತ ಒಂದು ಕೆಲಸ ಶುರುವಾಯಿತು. ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯ, ಅಲ್ಲಿನ ಸ್ಟೀಲ್ ಕನ್‌ಸ್ಟ್ರಕ್ಷನ್ ಇನ್‌ಸ್ಟಿಟ್ಯೂಟ್ ಅದರಲ್ಲಿದ್ದವು. ಅದರಿಂದ ಬಂದದ್ದು ಇದು. ಅಮೆರಿಕದ ಉಕ್ಕಿನ ಸಂಸ್ಥೆ ಎಐಎಸ್‌ಸಿ ಇದನ್ನೇ ತನ್ನ ಡೇಟಾ ವಿನಿಮಯದ ಮಾನಕ ಅಂತ ಒಪ್ಪಿತ್ತು. ಇದರ ಹಿಂದಿನ ಯೋಚನೆ ಉಕ್ಕಿನ ಕೆಲಸ ಬಲ್ಲವರದು. ಒಂದೇ ಬೀಮ್ ಅನಾಲಿಸಿಸ್ ಮಾಡುವವನಿಗೆ ಒಂದು ಗೆರೆ. ಡಿಸೈನ್ ಮಾಡುವವನಿಗೆ ಒಂದು ಮೆಂಬರ್. ಕಾರ್ಖಾನೆಗೆ ಕತ್ತರಿಸಿ ತೂತು ಹೊಡೆಯಬೇಕಾದ ತುಂಡು. ಈ ಮೂರನ್ನೂ ಒಂದೇ ಫೈಲ್‌ನಲ್ಲಿ ಇಟ್ಟು, ಇದು ಅದೇ ಬೀಮ್ ಅಂತ ಗಂಟು ಹಾಕಲು ಜಾಗ ಮಾಡಿದ್ದಾರೆ.

ಇದನ್ನು ಓದುವ ಹಳೇ ಆವೃತ್ತಿ ನಮ್ಮ ಕಚೇರಿಯ ಒಂದು ಕಂಪ್ಯೂಟರ್‌ನಲ್ಲಿ ಉಳಿದಿತ್ತು. ಇಂಪೋರ್ಟ್ ಕೊಟ್ಟೆ. ಮೂರು ತುಂಡಾಗಿದ್ದ ಮುಖ್ಯ ಬೀಮ್ ಒಂದಾಗಿ ಬಂತು. ಅಷ್ಟೇ ಅಲ್ಲ, ಪ್ರತಿ ಬೀಮ್‌ನ ತುದಿಯ ಬಲವೂ ಜೊತೆಗೆ ಬಂತು. ಬೀಮ್‌ಗಳನ್ನು ಜೋಡಿಸುವ ಕನೆಕ್ಷನ್ ಮಾಡುವವನಿಗೆ ಅದು ಎಷ್ಟು ದೊಡ್ಡ ವಿಷಯ ಅಂತ ಈ ಕೆಲಸದವರಿಗೆ ಗೊತ್ತು. ಎಷ್ಟು ಬೋಲ್ಟ್ ಹಾಕಬೇಕು ಅನ್ನುವುದು ನಿಲ್ಲುವುದೇ ಆ ಅಂಕಿಯ ಮೇಲೆ. ಅದಕ್ಕಾಗಿ ಮೇಲ್ ಮೇಲೆ ಮೇಲ್ ಬರೆದು ವಾರಗಟ್ಟಲೆ ಕಾಯುತ್ತೇವೆ, ಅಲ್ವಾ? ಚಾನೆಲ್‌ಗಳೂ ಸರಿಯಾಗಿ ನಿಂತವು. ಬಾಗಿದ ಬೀಮ್ ಮಾತ್ರ ತುಂಡು ತುಂಡು ಗೆರೆಯಾಯಿತು.

ಇಷ್ಟು ಚೆನ್ನಾಗಿದ್ದರೂ ಇವತ್ತು ಇದನ್ನು ಕೇಳುವವರು ಸಿಗುವುದಿಲ್ಲ. ಫೈಲ್ ಉಕ್ಕಿನದಷ್ಟೇ. ಕಾಂಕ್ರೀಟ್, ಡಕ್ಟ್, ಪೈಪ್, ಗೋಡೆ ಇದರಲ್ಲಿ ಇಲ್ಲ. ಕಟ್ಟಡದ ಉಳಿದವರೆಲ್ಲ ಐಎಫ್‌ಸಿ ಕಡೆ ಹೋದರು. ಕೊನೆಗೆ ಎಐಎಸ್‌ಸಿ ಒಲವೂ ಅತ್ತಲೇ ತಿರುಗಿತು. ನನಗೆ ಇದು ನಿಜವಾಗಿ ಬೇಸರದ ಸಂಗತಿ.

ಐಎಫ್‌ಸಿ ಇಡೀ ಕಟ್ಟಡದ ಮಾಡೆಲ್ ಸಾಗಿಸುವ ಫೈಲ್, ಬಿಲ್ಡಿಂಗ್‌ಸ್ಮಾರ್ಟ್ ಸಂಸ್ಥೆಯದು. ಅದರ ನಾಲ್ಕನೇ ಆವೃತ್ತಿ 2013ರಲ್ಲಿ ಐಎಸ್‌ಒ 16739 ಆಗಿ ಬಂತು. ನೋಡಲು ಇದಕ್ಕೆ ಸಾಟಿ ಇಲ್ಲ. ಬಾಗಿದ ಬೀಮ್ ಬಾಗಿದ ಹಾಗೇ ಬಂತು, ಚಾನೆಲ್ ಬಾಯಿಯೂ ಸರಿ. ಡಕ್ಟಿಗೂ ಬೀಮ್‌ಗೂ ಎಲ್ಲಿ ಡಿಕ್ಕಿ ಅಂತ ಹುಡುಕಲು ಇದೇ ಬೇಕು. ಆದರೆ ಆ ಮಾಡೆಲ್ ಮೇಲೆ ಕೆಲಸ ಮಾಡಲು ಹೋದಾಗ ಬಣ್ಣ ಬದಲಾಯಿತು. ಕಾಲಮ್‌ಗಳು ಸೆಕ್ಷನ್ ಹೆಸರಿನ ಜೊತೆ ಬಂದಿದ್ದವು, ಸುಲಭವಾಗಿ ನನ್ನ ಕಾಲಮ್‌ಗಳಾದವು. ಬಾಗಿದ ಬೀಮ್ ಬರೀ ಮುಖಗಳ ಗೂಡಾಗಿತ್ತು. ನೋಡಿದರೆ ಬೀಮ್, ಮುಟ್ಟಿದರೆ ಆಕಾರ.

ನಮ್ಮ ದೇಶದ ಬೀಮ್‌ಗೆ ಇನ್ನೊಂದು ತೊಡಕಿದೆ. ಐಎಸ್‌ಎಂಬಿಯ ಫ್ಲೇಂಜ್ (ಐ ಆಕಾರದ ಮೇಲಿನ, ಕೆಳಗಿನ ಪಟ್ಟಿ) ಒಳಮೈ ಇಳಿಜಾರು. ಅಲ್ಲಿ ಬೋಲ್ಟ್ ಹಾಕಿದರೆ ಆ ಇಳಿಜಾರಿಗೆ ಹೊಂದುವ ಟೇಪರ್ ವಾಷರ್ ಬೇಕು. ಈಗಲೂ ತುಂಬ ಜನ ಬಳಸುವ ಹಳೇ ಆವೃತ್ತಿ ಐಎಫ್‌ಸಿ 2ಎಕ್ಸ್3ರಲ್ಲಿ ಐ ಆಕಾರದ ವಿವರಣೆಗೆ ಆ ಇಳಿಜಾರು ಬರೆಯುವ ಜಾಗವೇ ಇಲ್ಲ. ಐಎಫ್‌ಸಿ 4ರಲ್ಲಿ ಬಂತು. ನನ್ನ ಮಾಡೆಲ್‌ನಲ್ಲಿ ಫ್ಲೇಂಜ್ ನೆಟ್ಟಗೆ ಬಂದಿತ್ತು. ಆ ಆಕಾರವನ್ನೇ ನಂಬಿ ಬೋಲ್ಟ್ ಪಟ್ಟಿ ತೆಗೆದರೆ ವಾಷರ್ ಬಿಟ್ಟುಹೋಗುತ್ತದೆ.

ಕಾರ್ಖಾನೆಯ ಮಷೀನ್‌ಗೆ ಕೊಡುವ ಡಿಎಸ್‌ಟಿವಿ ಫೈಲ್ ಯಾಕೆ ಇಲ್ಲ ಅಂತ ಈ ಕೆಲಸದವರು ಕೇಳಬಹುದು. ಅದು ಈ ಮೂರರ ಜೊತೆ ಹೋಲಿಸುವಂಥದ್ದಲ್ಲ. ಒಂದು ತುಂಡಿಗೆ ಒಂದು ಫೈಲ್, ನೇರ ಡ್ರಿಲ್ ಮಷೀನ್‌ಗೆ. ಜರ್ಮನಿಯವರ ಈ ಫೈಲ್ ಕಾರ್ಖಾನೆಯಲ್ಲಿ ಎಷ್ಟೋ ವರ್ಷಗಳಿಂದ ಸುಮ್ನೆ ತನ್ನ ಕೆಲಸ ಮಾಡಿಕೊಂಡಿದೆ.

ಡೇಟಾ ಸರಿಯಾಗಿ ದಾಟದೆ ಅಮೆರಿಕದ ಕಟ್ಟಡ ವಲಯಕ್ಕೆ ವರ್ಷಕ್ಕೆ 15.8 ಬಿಲಿಯನ್ ಡಾಲರ್ ನಷ್ಟ ಅಂತ ಅಲ್ಲಿನ ಸರ್ಕಾರಿ ಸಂಸ್ಥೆ ಎನ್‌ಐಎಸ್‌ಟಿ 2004ರಲ್ಲಿ ಲೆಕ್ಕ ಕೊಟ್ಟಿತ್ತು. ಪೀಣ್ಯದಲ್ಲಿ ನಿಂತಿದ್ದ ಕ್ರೇನ್ ನೋಡಿದ ಮೇಲೆ ನನಗೆ ಆ ಅಂಕಿ ದೊಡ್ಡದು ಅನಿಸುವುದಿಲ್ಲ.

ಈಗ ಡಿಸೈನ್‌ನವರಿಂದ ಎರಡು ಫೈಲ್ ಕೇಳುತ್ತೇನೆ. ಮಾಡೆಲ್ ಕಟ್ಟಲು ಎಸ್‌ಡಿಎನ್‌ಎಫ್. ಅದರ ಮೇಲೆ ಹೊದಿಸಿ ತಾಳೆ ನೋಡಲು ಐಎಫ್‌ಸಿ. ತುದಿಯ ಬಲಗಳನ್ನು ಬೇರೆ ಎಕ್ಸೆಲ್‌ನಲ್ಲಿ ತರಿಸುತ್ತೇನೆ. ಮೊದಲು ಪುಟ್ಟ ಮಾಡೆಲ್ ಅವರಿಗೆ ಕೊಟ್ಟು, ಅವರ ಸಾಫ್ಟ್‌ವೇರ್‌ನಲ್ಲಿ ಹಾಗೇ ಕಟ್ಟಿ ಕಳಿಸಿ ಅನ್ನುತ್ತೇನೆ. ಅರ್ಧ ಗಂಟೆಯ ಕೆಲಸ. ಮೊನ್ನೆ ಒಂದು ಕಚೇರಿಯಿಂದ ಅದು ವಾಪಸ್ ಬಂದಾಗ ಎರಡನೇ ಚಾನೆಲ್ ಬಾಯಿ ಮತ್ತೆ ಒಳಗೆ ತಿರುಗಿತ್ತು. ಮ್ಯಾಪಿಂಗ್‌ನಲ್ಲಿ ಒಂದು ಸಾಲು ಬದಲಿಸಿದೆವು. ಆಮೇಲೆ 340 ಮೆಂಬರ್‌ಗಳ ನಿಜವಾದ ಫೈಲ್ ತರಿಸಿಕೊಂಡೆ.